ಮೂರು ಆ್ಯಪ್, ಮೂರು ಲಯ: ಮಕ್ಕಳು ಯಾವುದಕ್ಕೆ ಕುಣಿಯಬೇಕು?

ಪ್ರಶ್ನೆ: ನಮಸ್ಕಾರ ಸರ್. ಉಡುಪಿ ಮಣಿಪಾಲ ನಡುವೆ ಒಂದು ಚಿಕ್ಕ ಭರತನಾಟ್ಯ ತರಗತಿ ನಡೆಸುತ್ತಿದ್ದೇನೆ. ನಮ್ಮ ಗುರುಗಳು ತೀರಿಕೊಂಡು ಡಿಸೆಂಬರಿಗೆ ಒಂದು ವರ್ಷ. ಅವರ ನೆನಪಿಗೆ ಮಕ್ಕಳಿಂದ ಐದಾರು ನಿಮಿಷದ ಒಂದು ನೃತ್ಯ ಮಾಡಿಸುವ ಆಸೆ. ನನ್ನ ಮಗ ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅವರ ಒಂದು ಆರ್ಕೆಸ್ಟ್ರಾ ರೆಕಾರ್ಡಿಂಗ್ ಕಳಿಸಿದ. ಬೆಂಜಮಿನ್ ಬ್ರಿಟನ್ ಎಂಬ ಸಂಗೀತಗಾರರ ನೆನಪಿಗೆ ಬರೆದದ್ದಂತೆ. ಪಿಟೀಲಿನ ಜಾತಿಯ ವಾದ್ಯಗಳು, ಜೊತೆಗೆ ಒಂದು ಗಂಟೆ, ಅಷ್ಟೇ. ಕೇಳಿದ ಕೂಡಲೇ ಇದೇ ಆಗಬೇಕು ಅನಿಸಿತು. ಆದರೆ ತಾಳ ಕೈಗೆ ಸಿಗುತ್ತಿಲ್ಲ. ಮೊಬೈಲಿನ ಒಂದು ಆ್ಯಪ್ ನಿಮಿಷಕ್ಕೆ 58 ಪೆಟ್ಟು ಅನ್ನುತ್ತದೆ, ಇನ್ನೊಂದು 116, ಮತ್ತೊಂದು 77. ಶ್ರುತಿ ಒಂದರಲ್ಲಿ ಎ ಮೈನರ್, ಇನ್ನೊಂದರಲ್ಲಿ ಸಿ ಮೇಜರ್. ಮೂಡ್ ‘ಸ್ಯಾಡ್’, ಸಂತೋಷ ನೂರಕ್ಕೆ 4! ಇದನ್ನು ನೋಡಿದ ಸಮಿತಿಯವರೊಬ್ಬರು “ಮೈನರ್ ಅಂದರೆ ಶೋಕ, ಸಭೆಗೆ ಒಳ್ಳೆಯದಲ್ಲ, ಸ್ವಲ್ಪ ಸ್ಪೀಡಾದರೂ ಮಾಡಿ” ಎಂದರು. ಪಿಟೀಲು ಕಲಿಯುವ ಶಿಷ್ಯೆಯೊಬ್ಬಳು ತನ್ನ ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಜೊತೆಗೆ ನುಡಿಸಿ ನೋಡಿದಳು. ಒಂದೂ ಕೂಡಲಿಲ್ಲ. ಯಾವ ಆ್ಯಪ್ ಸರಿ ಸರ್? ಎಂತ ಮಾಡುವುದು?

ಉತ್ತರ: ಟೀಚರ್, ನಿಮ್ಮ ಪತ್ರ ಓದಿದ ರಾತ್ರಿಯೇ ಆ ಕೃತಿಯನ್ನು, ಅಂದರೆ ಪ್ಯಾರ್ಟ್ ಅವರ ‘ಕ್ಯಾಂಟಸ್ ಇನ್ ಮೆಮೋರಿಯಂ ಬೆಂಜಮಿನ್ ಬ್ರಿಟನ್’ ಅನ್ನು, ಮತ್ತೆ ಹಾಕಿಕೊಂಡು ಕೇಳಿದೆ. ಒಳ್ಳೆಯ ಆಯ್ಕೆ. ನಿಮ್ಮ ಚಿಂತೆ ಮೂರು: ಎಣಿಕೆ ಯಾವುದು, ಷಡ್ಜ (ಆಧಾರದ ‘ಸ’ ಸ್ವರ) ಯಾವುದು, ಇದು ಬರೀ ಅಳುವ ಸಂಗೀತವೋ ಅಲ್ಲವೋ. ಮಂಗಳೂರಿನಲ್ಲಿ ಮೊದಲು ಪಿಟೀಲು ನುಡಿಸಿ, ಆಮೇಲೆ ಸ್ಟುಡಿಯೊದಲ್ಲಿ ಕೂತು ಹಲವು ವರ್ಷ ರೆಕಾರ್ಡಿಂಗ್ ಮಾಡಿದವನು ನಾನು. ಆ್ಯಪ್‌ಗಳನ್ನು ದಿನವೂ ಬಳಸುತ್ತೇನೆ. ಆದರೂ ಹೇಳುತ್ತೇನೆ, ಈ ಒಂದು ಕೃತಿಯ ಮಟ್ಟಿಗೆ ನಿಮ್ಮ ಕೈಯ, ತಾಳ ಹಾಕುವ ತಟ್ಟುಕೋಲಿಗೆ ಆ್ಯಪ್‌ಗಿಂತ ಜಾಸ್ತಿ ಗೊತ್ತಿದೆ.

ಲಯದಿಂದಲೇ ಶುರು ಮಾಡೋಣ. 58 ಮತ್ತು 116 ಎರಡೂ ಒಂದೇ. ಒಂದು ಆ್ಯಪ್ ಮೊದಲ ಕಾಲದಲ್ಲಿ ಎಣಿಸಿದೆ, ಇನ್ನೊಂದು ಎರಡನೇ ಕಾಲದಲ್ಲಿ, ಅಂದರೆ ಅದರ ಇಮ್ಮಡಿ ವೇಗದಲ್ಲಿ. ಈ ತಪ್ಪು ಇಂಥ ಆ್ಯಪ್‌ಗಳಲ್ಲಿ ತೀರಾ ಸಾಮಾನ್ಯ. ಸದ್ದು ಎಲ್ಲೆಲ್ಲಿ ಥಟ್ಟನೆ ಏಳುತ್ತದೆ ಎಂದು ಹುಡುಕುವುದು, ಆ ಏಳುವಿಕೆ ಎಷ್ಟು ಹೊತ್ತಿಗೊಮ್ಮೆ ಮರಳಿ ಬರುತ್ತದೆ ಎಂದು ಅಳೆಯುವುದು, ಅದರ ಕೆಲಸ ಇಷ್ಟೇ. ಡ್ರಮ್ ಇರುವ ಹಾಡಿಗೆ ಇದು ಚೆನ್ನಾಗಿ ನಡೆಯುತ್ತದೆ. ಚೆಂಡೆ ಮದ್ದಳೆಗೂ ಪರವಾಗಿಲ್ಲ. ಆದರೆ ಪಿಟೀಲಿನ ಕಮಾನು ಸ್ವರವನ್ನು ಮೆಲ್ಲಗೆ ಎಬ್ಬಿಸುತ್ತದೆ. ಅಲ್ಲಿ ಪೆಟ್ಟು ಅನ್ನುವುದೇ ಇಲ್ಲ. ಹತ್ತಾರು ಜನ ಒಟ್ಟಿಗೆ ನುಡಿಸುವಾಗ ಒಬ್ಬರ ಆರಂಭ ಇನ್ನೊಬ್ಬರದ್ದರಲ್ಲಿ ಕರಗಿಹೋಗುತ್ತದೆ. ಯಂತ್ರ ಆಗ ಅಂದಾಜು ಮಾಡುತ್ತದೆ.

77 ಎಲ್ಲಿಂದ ಬಂತು? 116ನ್ನು ಒಂದೂವರೆಯಿಂದ ಭಾಗಿಸಿ ನೋಡಿ, ಸರಿಯಾಗಿ ಅಲ್ಲಿಗೇ ಬರುತ್ತದೆ. ಈ ಕೃತಿಯ ನಡೆ ತಿಶ್ರ, ಅಂದರೆ ಮೂರು ಮೂರು ಮಾತ್ರೆಯ (ಎಣಿಕೆಯ) ಲೆಕ್ಕ. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ, ಮತ್ತೆ ಗಿಡ್ಡ. ‘ತಕಿಟ’ದಲ್ಲಿ ‘ತಕಿ’ಯನ್ನು ಒಂದೇ ಎಳೆತದಲ್ಲಿ ಎಳೆದು ‘ಟ’ ಬಿಟ್ಟ ಹಾಗೆ. ಮೂರನೇ ಆ್ಯಪ್ ಈ ಮೂರು ಮಾತ್ರೆಯನ್ನು ಎರಡು ಸಮ ಪೆಟ್ಟಾಗಿ ಸೀಳಿದೆ. ತಿಶ್ರಕ್ಕೆ ಚತುರಶ್ರದ (ನಾಲ್ಕರ ಲೆಕ್ಕದ) ಕಟ್ಟು ಹಾಕಿದೆ ಎಂದರೆ ನಿಮಗೆ ಕೂಡಲೇ ಹೊಳೆಯುತ್ತದೆ, ಅಲ್ವಾ? ಮಕ್ಕಳಿಗೆ 77ರ ಕ್ಲಿಕ್ ಹಾಕಿ ಅಭ್ಯಾಸ ಮಾಡಿಸಿದರೆ ಮೂರು ಮಾತ್ರೆಗೊಮ್ಮೆ ಕೂಡಿದ ಹಾಗೆ ಆಗಿ ಮತ್ತೆ ತಪ್ಪುತ್ತದೆ. ಅದನ್ನು ಇವತ್ತೇ ಬಿಟ್ಟುಬಿಡಿ.

ಇನ್ನು ಈ ಕೃತಿಯ ಜೀವಾಳಕ್ಕೆ ಬರುತ್ತೇನೆ. ಇದರಲ್ಲಿ ಒಂದೇ ವೇಗ ಇಲ್ಲ, ಐದು ವೇಗಗಳಿವೆ. ಮೊದಲ ಪಿಟೀಲುಗಳು ಎರಡು ಮಾತ್ರೆ ಉದ್ದ, ಒಂದು ಮಾತ್ರೆ ಗಿಡ್ಡ ಎಂದು ಇಳಿಯುತ್ತ ಬರುತ್ತವೆ. ಎರಡನೇ ಪಿಟೀಲುಗಳು ಅದೇ ಸಾಲನ್ನು ಅರ್ಧ ವೇಗದಲ್ಲಿ, ಒಂದು ಸ್ಥಾಯಿ ಕೆಳಗೆ ಹಿಡಿಯುತ್ತವೆ. ಪಿಟೀಲಿಗಿಂತ ತುಸು ದೊಡ್ಡದಾದ ವಿಯೊಲಾ ಅದರ ಅರ್ಧ. ಇನ್ನೂ ದೊಡ್ಡದಾದ ಚೆಲ್ಲೊ ಅದರ ಅರ್ಧ. ಎಲ್ಲದರ ಅಡಿಯಲ್ಲಿ ಡಬಲ್ ಬೇಸ್, ಮೊದಲ ಪಿಟೀಲಿನ ಹದಿನಾರನೇ ಒಂದು ಪಾಲು ವೇಗದಲ್ಲಿ. ನಿಮ್ಮ 116ರ ಲೆಕ್ಕದಲ್ಲೇ ನೋಡಿದರೆ ಪಿಟೀಲಿನ ಉದ್ದ ಸ್ವರ ಒಂದು ಸೆಕೆಂಡಿನಷ್ಟು. ಬೇಸಿನ ಉದ್ದ ಸ್ವರ ಹದಿನಾರು ಸೆಕೆಂಡಿಗೂ ಜಾಸ್ತಿ. ಎಲ್ಲರೂ ಹೋಗುವುದು ಒಂದೇ ದಾರಿಯಲ್ಲಿ. ಕೆಲವರು ಓಡುತ್ತಾರೆ, ಕೆಲವರು ನಡೆಯುತ್ತಾರೆ, ಒಬ್ಬರು ಎತ್ತಿದ ಕಾಲನ್ನು ಇನ್ನೂ ಊರಿಲ್ಲ. ಅಡವುಗಳನ್ನು ಮೂರು ಕಾಲದಲ್ಲಿ ಮಾಡಿಸುವ ನಿಮಗೆ ಇದು ಹೊಸದೇನಲ್ಲ. ಇಲ್ಲಿ ಕಾಲಗಳು ಐದು, ಮತ್ತು ಐದೂ ಒಟ್ಟಿಗೆ ನಡೆಯುತ್ತವೆ. ಆ್ಯಪ್‌ಗೆ ‘ವೇಗ ಎಷ್ಟು’ ಎಂದು ಕೇಳಿದರೆ ಅದು ಒಂದು ಸಂಖ್ಯೆ ಕೊಡಲೇಬೇಕು. ಅದರ ಕಷ್ಟವೂ ನಿಜವೇ.

ಸ್ವರದ ಸಾಲು ಹೇಗಿದೆ ಎಂದರೆ, ಮೊದಲು ಬರೀ ಸ. ಆಮೇಲೆ ಸ ನಿ. ಆಮೇಲೆ ಸ ನಿ ದ. ಆಮೇಲೆ ಸ ನಿ ದ ಪ. ಪ್ರತಿ ಸಲ ಮೇಲಿನ ಷಡ್ಜಕ್ಕೆ ಹಿಂದಿರುಗಿ, ಒಂದು ಸ್ವರ ಜಾಸ್ತಿ ಇಳಿಯುವುದು. ಹೊಳೆಯ ಹಾಗೆ ಹಿಗ್ಗುತ್ತ ಹೋಗುವ ಸ್ರೋತೋವಹ ಯತಿಯಲ್ಲಿ ಸೊಲ್ಲುಗಟ್ಟು (ನೃತ್ಯದ ಬಾಯಿತಾಳ) ಹೆಣೆದ ಹಾಗೆಯೇ. ಒಮ್ಮೆ ನಿಮ್ಮ ಹಿರಿಯ ಮಕ್ಕಳನ್ನು ನೆಲದಲ್ಲಿ ಕೂರಿಸಿ, ರೆಕಾರ್ಡಿಂಗ್ ಹಾಕದೆ, ಬಾಯಲ್ಲೇ ಇದನ್ನು ಹೇಳಿಸಿ. ಇಬ್ಬರು ಎರಡನೇ ಕಾಲದಲ್ಲಿ, ಇಬ್ಬರು ಮೊದಲ ಕಾಲದಲ್ಲಿ, ಒಬ್ಬಳು ಅದರ ಅರ್ಧದಲ್ಲಿ. ಹತ್ತು ನಿಮಿಷದಲ್ಲಿ ಕೃತಿ ಅವರ ಮೈಗೆ ಹತ್ತುತ್ತದೆ.

ಇಲ್ಲಿ ನೀವು ಕೇಳದ ಒಂದು ಮಾತು. ಯಾವ ರೆಕಾರ್ಡಿಂಗ್ ಎಂದು ನಿಮ್ಮ ಪತ್ರದಲ್ಲಿ ಇಲ್ಲ. ಪ್ಯಾರ್ಟ್ ಇದನ್ನು ಬರೆದದ್ದು 1977ರಲ್ಲಿ. 1984ರಲ್ಲಿ ಇಸಿಎಂ ಕಂಪನಿ ಹೊರತಂದ ಪ್ರಸಿದ್ಧ ಮುದ್ರಣದಲ್ಲಿ ಸ್ಟುಟ್‌ಗಾರ್ಟ್‌ನ ಆರ್ಕೆಸ್ಟ್ರಾವನ್ನು ಡೆನಿಸ್ ರಸೆಲ್ ಡೇವಿಸ್ ನಡೆಸಿದ್ದಾರೆ. ಅದು ಸುಮಾರು ಐದು ನಿಮಿಷ. ಬೇರೆ ಕೆಲವು ಮುದ್ರಣಗಳು ಆರು ನಿಮಿಷ ದಾಟುತ್ತವೆ. ಒಂದು ನಿಮಿಷದ ವ್ಯತ್ಯಾಸ ಎಂದರೆ ನೃತ್ಯಕ್ಕೆ ದೊಡ್ಡದು. ನಿಮ್ಮ ಮನೆಯಲ್ಲಿ ಒಂದು, ಮಕ್ಕಳ ಮೊಬೈಲಿನಲ್ಲಿ ಇನ್ನೊಂದು ಇದ್ದರೆ ಅಭ್ಯಾಸ ಎಲ್ಲ ನೀರುಪಾಲು. ಒಂದನ್ನೇ ಆರಿಸಿ, ಹಣ ಕೊಟ್ಟು ಕೊಂಡು, ಫೈಲನ್ನೇ ಎಲ್ಲರಿಗೂ ಕೇಳಿಸಿ. ಹಕ್ಕುಸ್ವಾಮ್ಯ ಇರುವ ಸಂಗೀತ ಇದು. ಸಭಾಂಗಣದಲ್ಲಿ ಹಾಕಲು ಬೇಕಾದ ಪರವಾನಗಿಯ ಬಗ್ಗೆ ಸಮಿತಿಯವರು ಮೊದಲೇ ವಿಚಾರಿಸಲಿ. ಆಮೇಲೆ ಯೂಟ್ಯೂಬಿಗೆ ಏರಿಸಿದರೆ ಆಕ್ಷೇಪ ಬರಬಹುದು, ಅದೂ ಗೊತ್ತಿರಲಿ.

ಈಗ ಶ್ರುತಿ. ಎ ಮೈನರ್ ಎಂದ ಆ್ಯಪ್ ಸರಿ. ಸಿ ಮೇಜರ್ ಎಂದದ್ದು ತಪ್ಪು, ಆದರೆ ಆ ತಪ್ಪಿಗೆ ಕಾರಣ ಇದೆ. ಹಾರ್ಮೋನಿಯಂನ ಬಿಳಿ ಮನೆಗಳನ್ನಷ್ಟೇ ನೆನೆಸಿಕೊಳ್ಳಿ. ಒಂದು ಮನೆಯಿಂದ, ಅಂದರೆ ಸಿ ಸ್ವರದಿಂದ ಶುರು ಮಾಡಿದರೆ ಶಂಕರಾಭರಣ. ಅದೇ ಮನೆಗಳನ್ನು ಆರನೆಯದರಿಂದ, ಅಂದರೆ ಎ ಸ್ವರದಿಂದ ಶುರು ಮಾಡಿದರೆ ನಟಭೈರವಿ. ಷಡ್ಜದ ಜಾಗ ಬದಲಿಸಿ ರಾಗ ಬದಲಿಸುವ ನಮ್ಮ ಗ್ರಹಭೇದವೇ ಇದು. ಆ್ಯಪ್ ಯಾವ ಸ್ವರ ಎಷ್ಟು ಹೊತ್ತು ಕೇಳಿಸಿತು ಎಂದು ಕೂಡಿಸಿ, ಹನ್ನೆರಡು ಮೇಜರ್ ಹನ್ನೆರಡು ಮೈನರ್ ಅಚ್ಚುಗಳ ಪಕ್ಕ ಇಟ್ಟು ನೋಡುತ್ತದೆ. ಸ್ವರಗಳು ಅವೇ ಆದರೆ ಅಚ್ಚುಗಳ ನಡುವೆ ಅಂತರ ಕಡಿಮೆ. ಯಾವುದು ಮನೆಯೊಡೆಯ, ಯಾವುದು ನೆಂಟ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ನಮಗೆ ಗೊತ್ತಾಗುತ್ತದೆ. ಗಂಟೆ ಮೊದಲಿನಿಂದ ಕೊನೆಯವರೆಗೆ ಎ ಸ್ವರದಲ್ಲೇ ಬಾರಿಸುತ್ತದೆ. ಇಳಿಯುವ ಸಾಲು ಪ್ರತಿ ಸಲ ಎ ಸ್ವರಕ್ಕೇ ಹೋಗಿ ಶುರುವಾಗುತ್ತದೆ. ವಿಯೊಲಾ ಬಿಟ್ಟು ಉಳಿದ ಗುಂಪುಗಳಲ್ಲಿ ಅರ್ಧ ಜನ ಇಳಿಯುವ ಸಾಲು ನುಡಿಸಿದರೆ, ಉಳಿದರ್ಧ ಜನ ಷಡ್ಜ, ಸಾಧಾರಣ ಗಾಂಧಾರ (ತಗ್ಗಿನ ‘ಗ’), ಪಂಚಮ ಈ ಮೂರರಲ್ಲೇ ಸುತ್ತುತ್ತಾರೆ. ಷಡ್ಜ ಯಾವುದು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಹಾಗೆಂದು ಮಕ್ಕಳಿಗೆ ‘ಇದು ನಟಭೈರವಿ ರಾಗ’ ಎಂದು ಹೇಳಬೇಡಿ. ಸ್ವರಸ್ಥಾನ ಮಾತ್ರ ಅದು. ಗಮಕ ಇಲ್ಲ, ಸಂಚಾರ ಇಲ್ಲ, ಆರೋಹಣವೇ ಇಲ್ಲ. ಒಂದೊಂದು ಸ್ವರವೂ ನೆಟ್ಟಗೆ ನಿಂತು ಮುಂದಿನದಕ್ಕೆ ಇಳಿಯುತ್ತದೆ.

ನಿಮ್ಮ ಶಿಷ್ಯೆಯ ಪಿಟೀಲು ಕೂಡದಿರುವುದಕ್ಕೆ ಎರಡು ಕಾರಣ. ಅವಳದ್ದು ಐದು ಮನೆ, ರೆಕಾರ್ಡಿಂಗ್ ಆರು ಮನೆ. ಇದು ದೊಡ್ಡ ಅಂತರ, ಯಾರಿಗೂ ಕೇಳಿಸುತ್ತದೆ. ಎರಡನೆಯದು ಸಣ್ಣದು, ಆದರೆ ಕಿವಿಯನ್ನು ಕೊರೆಯುವಂಥದ್ದು. ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬುದು ಅಂತರರಾಷ್ಟ್ರೀಯ ಮಾನ. ನಮ್ಮ ಕೀಬೋರ್ಡು, ಶ್ರುತಿ ಪೆಟ್ಟಿಗೆಯ ಆ್ಯಪ್ ಎಲ್ಲ ಅದಕ್ಕೇ ಕೂಡಿಸಿರುತ್ತವೆ. ಯುರೋಪಿನ ಬಹಳಷ್ಟು ಆರ್ಕೆಸ್ಟ್ರಾಗಳು ಅದಕ್ಕಿಂತ ತುಸು ಮೇಲೆ, 442, 443ರ ಸುಮಾರಿಗೆ ಶ್ರುತಿ ಮಾಡುತ್ತವೆ. ರೆಕಾರ್ಡಿಂಗ್ ಹಾಕಿ, ಕೀಬೋರ್ಡಿನ ಎ ಮನೆ ಒತ್ತಿ ಹಿಡಿಯಿರಿ. ಸದ್ದು ‘ವಾಂ ವಾಂ ವಾಂ’ ಎಂದು ಅಲುಗಿದರೆ ಎಣಿಸಿ. ಸೆಕೆಂಡಿಗೆ ಮೂರು ಅಲುಗಾಟ ಇದ್ದರೆ ಅದು 443. ತಂಬೂರಿ ಕೂಡಿಸುವಾಗ ನಾವು ಕೇಳುವುದೂ ಇದೇ ಅಲುಗಾಟ.

ಹಾಗಾದರೆ ಪಿಟೀಲನ್ನು ಆರು ಮನೆಗೆ ಏರಿಸಬಹುದೇ? ಏರಿಸಬಹುದು. ತೆಳು ತಂತಿಗಳಿಗೆ ತೊಂದರೆ ಇಲ್ಲ, ಅವು ಐದು ಮನೆಯಲ್ಲಿ ಸಡಿಲವಾಗಿಯೇ ಇರುತ್ತವೆ. ದಪ್ಪ ತಂತಿಗಳನ್ನು ಅವುಗಳ ಸಹಜ ಬಿಗಿಗಿಂತ ಒಂದು ಪೂರ್ತಿ ಸ್ವರ ಮೇಲೆ ಎಳೆಯಬೇಕಾಗುತ್ತದೆ. ತಂತಿ ಹಳತಾಗಿದ್ದರೆ ಕಾರ್ಯಕ್ರಮದ ಹೊತ್ತಿಗೇ ಕಡಿಯುತ್ತದೆ. ತಂತಿ ಹೊರುವ ಕುದುರೆಯ ಮೇಲೂ ಭಾರ. ಇನ್ನೊಂದು ಪಿಟೀಲು ಎರವಲು ಸಿಕ್ಕಿದರೆ ಹೊಸ ತಂತಿ ಹಾಕಿ, ಒಂದು ವಾರ ಮೊದಲೇ ಸ್ವಲ್ಪ ಸ್ವಲ್ಪವಾಗಿ ಏರಿಸಿ ಇಡಿ. ಆದರೆ ನನ್ನ ಮನಸ್ಸಿನ ಮಾತು ಕೇಳಿದರೆ, ಈ ಕೃತಿಯ ಜೊತೆ ಪಿಟೀಲು ಬೇಡವೇ ಬೇಡ. ಅದರಲ್ಲಿ ತುಂಬಬೇಕಾದ ಖಾಲಿ ಜಾಗ ಇಲ್ಲ. ಆ ಹುಡುಗಿ ನೃತ್ಯಕ್ಕೆ ಮೊದಲು ತನ್ನ ಐದು ಮನೆಯಲ್ಲೇ ಗುರುಗಳಿಗೆ ಇಷ್ಟವಾದ ಒಂದು ಕೀರ್ತನೆ ನುಡಿಸಲಿ. ಅವಳಿಗೂ ಗೌರವ, ಕೃತಿಗೂ.

ಮೂಡ್ ವಿಷಯದಲ್ಲಿ ಸಮಿತಿಯವರ ಮಾತನ್ನು ಎರಡು ಭಾಗ ಮಾಡಬೇಕು. ಇದರಲ್ಲಿ ದುಃಖ ಇದೆ ಎಂಬುದು ನಿಜ. ಬ್ರಿಟನ್ ತೀರಿಕೊಂಡದ್ದು 1976ರ ಡಿಸೆಂಬರಿನಲ್ಲಿ. ಅದರ ಬೆನ್ನಿಗೇ ಹುಟ್ಟಿದ ಸಂಗೀತ ಇದು. ಆದರೆ ‘ಮೈನರ್ ಅಂದರೆ ಶೋಕ’ ಎಂಬುದು ನಿಜವಲ್ಲ. ಹಾಗಿದ್ದರೆ ನಮ್ಮ ಊರಿನ ಮದುವೆಗಳಲ್ಲಿ ಹಿಂದೋಳ ನುಡಿಸುವ ಹಾಗೇ ಇರಲಿಲ್ಲ. ಕಚೇರಿಯನ್ನು ಭೈರವಿ ವರ್ಣದಿಂದ ಶುರು ಮಾಡುವ ಹಾಗೆ ಇರಲಿಲ್ಲ. ಎರಡರಲ್ಲೂ ಮೈನರ್‌ನ ಗುರುತಾದ ಸಾಧಾರಣ ಗಾಂಧಾರವೇ ಇರುವುದು. ನಟಭೈರವಿಯ ಸ್ವರಗಳನ್ನೇ ಮೂರನೇ ಕಾಲದಲ್ಲಿ ಮೇಲಕ್ಕೆ ಹತ್ತಿಸಿ ಹಾಡಿ ನೋಡಿ, ಅಳು ಎಲ್ಲಿದೆ? ಈ ಕೃತಿಯ ದುಃಖ ಬೇರೆ ಕಡೆ ಇದೆ. ಎಲ್ಲರೂ ಇಳಿಯುತ್ತಾರೆ, ಯಾರೂ ಹತ್ತುವುದಿಲ್ಲ. ಪಿಸುಮಾತಿನಷ್ಟು ಸಣ್ಣಗೆ ಶುರುವಾದ ಸದ್ದು ಇಳಿಯುತ್ತ ಇಳಿಯುತ್ತ ದೊಡ್ಡದಾಗುತ್ತದೆ. ಒಂದೊಂದೇ ಗುಂಪು ತನ್ನ ಕೊನೆಯ ಸ್ವರ ತಲುಪಿ ಅಲ್ಲೇ ನಿಂತುಬಿಡುತ್ತದೆ. ಮನೆಯ ಹಿರಿಯರು ಹೋದಾಗ ಒಬ್ಬೊಬ್ಬರೇ ಬಂದು ಜಗಲಿಯಲ್ಲಿ ಸುಮ್ನೆ ಕೂತ ಹಾಗೆ.

ಆ ‘ನೂರಕ್ಕೆ 4’ ಎಂಬ ಅಂಕಿಯ ಬಗ್ಗೆಯೂ ಹೇಳಬೇಕು. ಈ ಆ್ಯಪ್‌ಗಳಲ್ಲಿ ಹೆಚ್ಚಿನವು ಭಾವವನ್ನು ಎರಡು ಗೆರೆಗಳ ಮೇಲೆ ಇಡುತ್ತವೆ. ಒಂದು ಹಿತವೋ ಅಹಿತವೋ ಎಂಬ ಗೆರೆ, ಇನ್ನೊಂದು ಚುರುಕೋ ಶಾಂತವೋ ಎಂಬ ಗೆರೆ. ಜೇಮ್ಸ್ ರಸೆಲ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಮುಂದಿಟ್ಟ ಚಿತ್ರ ಅದು. ಯಂತ್ರ ಅಳೆಯುವುದು ಸದ್ದಿನ ಜೋರು, ಹೊಳಪು, ಪೆಟ್ಟಿನ ದಟ್ಟಣೆ, ಮೇಜರ್ ಮೈನರ್. ಭಕ್ತಿ, ಗೌರವ, ನೆನಪು, ಇವುಗಳಿಗೆ ಆ ಎರಡು ಗೆರೆಯಲ್ಲಿ ಜಾಗವೇ ಇಲ್ಲ. ಕೇಳುವವರು ಯಾವ ಊರಿನವರು ಎಂಬುದಕ್ಕೂ ಇಲ್ಲ. ಸ್ಯಾಕ್ಸೊಫೋನ್ ಸದ್ದು ಕೇಳಿದರೆ ಹೊರದೇಶದವರಿಗೆ ಜಾಝ್ ನೆನಪಾಗುತ್ತದೆ. ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ನಮಗೆ ದೇವಸ್ಥಾನದ ಅಂಗಳ, ಮದುವೆಯ ಚಪ್ಪರ ನೆನಪಾಗುತ್ತದೆ. ಈ ಕೃತಿಯ ಗಂಟೆಯೂ ಹಾಗೆಯೇ. ನಾನು ಬೆಳೆದದ್ದು ಮಂಗಳೂರಿನಲ್ಲಿ ಇಗರ್ಜಿಯ ಪಕ್ಕ. ತಡೆದು ತಡೆದು ಒಂದೊಂದೇ ಗಂಟೆ ಬಿದ್ದರೆ ನನ್ನ ಅಮ್ಮ ಕೈಯ ಕೆಲಸ ನಿಲ್ಲಿಸಿ ಯಾರು ಹೋದರೋ ಎಂದು ಬಾಗಿಲಿಗೆ ಬರುತ್ತಿದ್ದರು. ನನಗೆ ಈ ರೆಕಾರ್ಡಿಂಗ್‌ನ ಮೊದಲ ಪೆಟ್ಟಿಗೇ ಎದೆ ಕುಸಿಯುತ್ತದೆ. ರಥಬೀದಿಯಲ್ಲಿ ಬೆಳೆದ ನಿಮ್ಮ ಶಿಷ್ಯೆಯರಿಗೆ ಅದೇ ಪೆಟ್ಟು ಪೂಜೆಯ ಗಂಟೆಯಾಗಿ ಕೇಳಿಸಬಹುದು. ಅವರನ್ನೇ ಕೇಳಿ. ಅವರು ಹೇಳುವುದರಿಂದಲೇ ಅಭಿನಯ ಹುಟ್ಟಲಿ.

ಸಮಿತಿಯವರು ಹೇಳಿದ ‘ಸ್ವಲ್ಪ ಸ್ಪೀಡ್’ ಮಾತ್ರ ಬೇಡ ಎಂದು ಕೈಮುಗಿದು ಹೇಳುತ್ತೇನೆ. ಹಿಂದೆ ಟೇಪನ್ನು ಜೋರಾಗಿ ಓಡಿಸಿದರೆ ಶ್ರುತಿಯೂ ಏರುತ್ತಿತ್ತು. ನೂರಕ್ಕೆ 6ರಷ್ಟು ವೇಗ ಹೆಚ್ಚಿಸಿದರೆ ಅರ್ಧ ಸ್ವರ ಮೇಲೆ. ಈಗಿನ ಸಾಫ್ಟ್‌ವೇರ್ ಶ್ರುತಿ ಉಳಿಸಿ ವೇಗ ಮಾತ್ರ ಬದಲಿಸುತ್ತದೆ. ಅದಕ್ಕಾಗಿ ಸದ್ದನ್ನು ಸಣ್ಣ ಸಣ್ಣ ಚೂರು ಮಾಡಿ ಮತ್ತೆ ಹೊಲಿಯುತ್ತದೆ. ಮಾತಿಗೆ, ಡ್ರಮ್ಮಿಗೆ ಈ ಹೊಲಿಗೆ ಅಷ್ಟಾಗಿ ಕಾಣುವುದಿಲ್ಲ. ನಿಧಾನವಾಗಿ ಆರುವ ಗಂಟೆಯ ಸದ್ದಿನಲ್ಲಿ ಎದ್ದು ಕಾಣುತ್ತದೆ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೀಗೇ ಒಂದು ಆರ್ಕೆಸ್ಟ್ರಾ ತುಣುಕನ್ನು ನೂರಕ್ಕೆ 10ರಷ್ಟು ಬೇಗ ಮಾಡಿಕೊಟ್ಟಿದ್ದೆ. ನನ್ನ ಹೆಡ್‌ಫೋನಿನಲ್ಲಿ ಸರಿಯೇ ಇತ್ತು. ಸಭಾಂಗಣದ ದೊಡ್ಡ ಸ್ಪೀಕರಿನಲ್ಲಿ ಪಿಟೀಲುಗಳು ನೀರಿನೊಳಗಿಂದ ಬಂದ ಹಾಗೆ ಕೇಳಿದವು. ಆ ಮಕ್ಕಳ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ತೀರಾ ಬೇಕೇ ಬೇಕು ಎಂದಾದರೆ ನೂರಕ್ಕೆ 3 ದಾಟಬೇಡಿ. ಅದಕ್ಕಿಂತ, ಸಹಜವಾಗಿಯೇ ಬೇಗ ನುಡಿಸಿದ ಬೇರೆ ಮುದ್ರಣ ಹುಡುಕುವುದು ಎಷ್ಟೋ ಮೇಲು.

ನೃತ್ಯ ಕಟ್ಟುವುದು ಹೇಗೆ? ಕ್ಲಿಕ್ ಹಾಕಿ ಎಣಿಸುವುದು ಒಂದು ದಾರಿ. ಅಪಾಯ ಏನೆಂದರೆ ವಾದಕರು ಕ್ಲಿಕ್ ಕೇಳಿಕೊಂಡು ನುಡಿಸಿದ್ದಲ್ಲ, ನಿರ್ದೇಶಕರ ಕೈ ನೋಡಿ ನುಡಿಸಿದ್ದು. ಲಯ ಒಳಗೊಳಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಎರಡನೇ ನಿಮಿಷಕ್ಕೆ ಕ್ಲಿಕ್ ಒಂದು ಕಡೆ, ಸಂಗೀತ ಇನ್ನೊಂದು ಕಡೆ. ನಾನಾದರೆ ಗಂಟೆಯನ್ನು ಹಿಡಿಯುತ್ತೇನೆ. ಅದು ಮೂರು ಮೂರು ಪೆಟ್ಟಿನ ಗುಂಪಾಗಿ ಬರುತ್ತದೆ. ಗುಂಪಿನೊಳಗೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಹನ್ನೆರಡು ಮಾತ್ರೆ, ಸುಮಾರು ಆರು ಸೆಕೆಂಡ್. ಗುಂಪು ಮುಗಿದ ಮೇಲೆ ಇನ್ನಷ್ಟು ಬಿಡುವು. ಒಂದು ಸಂಜೆ ಕೂತು ಪ್ರತಿ ಪೆಟ್ಟು ಎಷ್ಟನೇ ಸೆಕೆಂಡಿಗೆ ಬೀಳುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ. ಅವೇ ನಿಮ್ಮ ಸಮಗಳು, ತಾಳದ ಮೊದಲ ಪೆಟ್ಟುಗಳು. ಮಕ್ಕಳನ್ನು ಐದು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಕಾಲ. ಮೊದಲ ಪಿಟೀಲಿನ ಗುಂಪಿಗೆ ಚಿಕ್ಕ ಮಕ್ಕಳು ಸಾಕು, ಅವರಿಗೆ ಕೆಲಸ ಜಾಸ್ತಿ ಇರುತ್ತದೆ, ಮನಸ್ಸು ಅಲ್ಲೇ ನಿಲ್ಲುತ್ತದೆ. ಬೇಸಿನ ಕಾಲಕ್ಕೆ ನಿಮ್ಮ ಅತ್ಯಂತ ಪಳಗಿದ ಶಿಷ್ಯೆಯನ್ನು ನಿಲ್ಲಿಸಿ. ಹದಿನಾರು ಸೆಕೆಂಡಿನಲ್ಲಿ ಒಂದು ಅರಮಂಡಿಗೆ (ಮಂಡಿ ಬಾಗಿಸಿದ ನಿಲುವಿಗೆ) ಇಳಿಯುವುದು ಮಕ್ಕಳಾಟ ಅಲ್ಲ. ಗೆಜ್ಜೆಯ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಮೊದಲ ಒಂದು ನಿಮಿಷ ಸಂಗೀತ ಎಷ್ಟು ಸಣ್ಣಗಿದೆ ಎಂದರೆ ಒಂದು ಗೆಜ್ಜೆ ಅಲುಗಿದರೂ ಅದನ್ನು ಮುಚ್ಚಿಬಿಡುತ್ತದೆ.

ಧ್ವನಿವರ್ಧಕದವರಿಗೆ ಎರಡು ಮಾತು ಹೇಳಿ. ಶುರುವಿನಲ್ಲಿ ಏನೂ ಕೇಳುತ್ತಿಲ್ಲ ಎಂದು ಅವರು ವಾಲ್ಯೂಮ್ ಏರಿಸುತ್ತಾರೆ, ನಾಲ್ಕನೇ ನಿಮಿಷಕ್ಕೆ ಸ್ಪೀಕರ್ ಕಿರುಚುತ್ತದೆ. ಅತಿ ಜೋರಿನ ಜಾಗದಲ್ಲಿ ಮಟ್ಟ ನೋಡಿ ಇಟ್ಟು, ಆಮೇಲೆ ಕೈ ತೆಗೆಯಬೇಕು. ಶುರುವಿನ ಐದು ನಿಮಿಷ ಮೊದಲೇ ಫ್ಯಾನ್ ನಿಲ್ಲಿಸಲು ಕೇಳಿಕೊಳ್ಳಿ. ಡಿಸೆಂಬರಿನಲ್ಲಿ ಸೆಖೆ ಅಷ್ಟಿರುವುದಿಲ್ಲ, ತಡೆದುಕೊಳ್ಳಬಹುದು.

ಕೊನೆಗೆ ಎಲ್ಲ ವಾದ್ಯಗಳೂ ತಮ್ಮ ತಮ್ಮ ಸ್ವರದಲ್ಲಿ ನಿಂತು, ತುಂಬ ಹೊತ್ತು ಜೋರಾಗಿ ಎಳೆದು, ಒಮ್ಮೆಲೇ ನಿಲ್ಲುತ್ತವೆ. ಅವು ನಿಲ್ಲುವ ಮೊದಲು ಗಂಟೆಯನ್ನು ಮೆಲ್ಲಗೆ ಬಾರಿಸಿರುತ್ತಾರೆ. ಪೆಟ್ಟು ನಮಗೆ ಕೇಳಿಸಿರುವುದಿಲ್ಲ, ಅನುರಣನ ಮಾತ್ರ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಅಲ್ಲಿ ಕೇಳಿ. ಚೆನ್ನಾಗಿ ಕೂಡಿಸಿದ ತಂಬೂರಿಯ ಷಡ್ಜದಿಂದ ಯಾರೂ ಮೀಟದ ಅಂತರ ಗಾಂಧಾರ (ಮೇಜರ್‌ನ ಏರಿದ ‘ಗ’) ಏಳುತ್ತದಲ್ಲ, ನಾವು ಸ್ವಯಂಭು ಎನ್ನುವುದು, ಅದೇ ಗಾಂಧಾರ ಆ ಗಂಟೆಯಿಂದ ತೇಲಿ ಬರುತ್ತದೆ. ಗಂಟೆಗೆ ತಕ್ಕ ಹಾಗೆ ಕೆಲವು ಮುದ್ರಣದಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಐದು ನಿಮಿಷ ಸಾಧಾರಣ ಗಾಂಧಾರದಲ್ಲೇ ಇದ್ದ ಕಿವಿಗೆ ಅದು ಏನು ಮಾಡುತ್ತದೆ ಎಂದು ನೀವೇ ಕೇಳಿ, ಸಮಿತಿಯವರಿಗೂ ಕೇಳಿಸಿ. ಅಲ್ಲಿ ಮಕ್ಕಳು ಯಾರೂ ಅಲುಗಬಾರದು. ದೀಪ ಆರಿಸಬಾರದು. ಆ ಸದ್ದು ಪೂರ್ತಿ ಆರುವವರೆಗೆ ಮೈಕ್ ಹಿಡಿದು ವೇದಿಕೆಗೆ ಬರಬೇಡಿ ಎಂದು ನಿರೂಪಕರಿಗೆ ಹಿಂದಿನ ದಿನವೇ ಹೇಳಿಡಿ.